ಬೆನಗಲ್ ನರಸಿಂಗರಾಯರು ಮತ್ತು ನಮ್ಮ ಮನೆಯ ಎರಡು ಕಾಗದಗಳು

ಕಾರ್ಕಳದಿಂದ ಬೆಳ್ತಂಗಡಿಯ ಕಡೆಗೆ ಹೋಗುವ ದಾರಿಯಲ್ಲಿ, ಘಟ್ಟದ ತಪ್ಪಲಿಗೆ ಒರಗಿಕೊಂಡಂತಿರುವ ಊರು ನಾರಾವಿ. ಸೂರ್ಯನಾರಾಯಣನ ದೇವಸ್ಥಾನ, ಒಂದು ಚಿಕ್ಕ ಪೇಟೆ, ಅದರಾಚೆಗೆ ಅಡಕೆ ತೋಟ, ಗದ್ದೆ, ಕಾಡು. ರಾಜ್ಯಾಂಗಶಾಸ್ತ್ರದ ಚರ್ಚೆಗೆ ಇದು ತಕ್ಕ ಸ್ಥಳವೆಂದು ಯಾರೂ ಹೇಳಲಾರರು. ಆದರೂ ಭಾರತದ ಸಂವಿಧಾನದ ಕರಡನ್ನು ಮೊದಲು ಬರೆದ ಮಹನೀಯರೊಬ್ಬರ ವಿಷಯವನ್ನು ನಾನು ಈ ಊರಿನಿಂದಲೇ ಆರಂಭಿಸಬೇಕಾಗಿದೆ. ಅದಕ್ಕೆ ಕಾರಣ ನಮ್ಮ ಮನೆಯ ಅಟ್ಟದ ಮೇಲಿರುವ ಒಂದು ತಗಡಿನ ಪೆಟ್ಟಿಗೆ.

ಆ ಪೆಟ್ಟಿಗೆ ನನ್ನ ಸೋದರಮಾವನದು. ಅದರಲ್ಲಿ ಎರಡು ಕಾಗದಗಳಿವೆ. ಒಂದು, 1975ರಲ್ಲಿ ಅವರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಹೊರಟ ಆಜ್ಞೆಯ ಪ್ರತಿ. ಇನ್ನೊಂದು, ಕೆಲವು ವರ್ಷಗಳ ತರುವಾಯ ಅವರು ಉಳುತ್ತಿದ್ದ ಗದ್ದೆಯನ್ನು ಅವರ ಹೆಸರಿಗೆ ಮಾಡಿಕೊಟ್ಟ ಹಕ್ಕುಪತ್ರ. ಒಂದೇ ಸರಕಾರದ ಮುದ್ರೆಯುಳ್ಳ ಈ ಎರಡು ಕಾಗದಗಳ ನಡುವೆ ಸಂಬಂಧವೇನಾದರೂ ಇದ್ದೀತೆಂದು ನಾನು ಬಹುಕಾಲ ಎಣಿಸಿರಲಿಲ್ಲ. ಸಂಬಂಧವನ್ನು ತೋರಿಸಿಕೊಟ್ಟವರು ಬೆನಗಲ್ ನರಸಿಂಗರಾಯರು.

ಆ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ನಾನು ಆಗ ಆರನೆಯ ತರಗತಿಯ ಹುಡುಗ. ತುರ್ತು ಪರಿಸ್ಥಿತಿ ಬಂದು ಐದಾರು ತಿಂಗಳಾಗಿತ್ತು. ಮಾವ ಯಾವುದೋ ಕರಪತ್ರಗಳನ್ನು ಮನೆಮನೆಗೆ ಹಂಚಿದರೆಂಬ ಮಾತು ಊರಲ್ಲಿತ್ತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಪೊಲೀಸರು ಅಂಗಳಕ್ಕೆ ಬಂದರು. ಅಜ್ಜಿ ಚಿಮಿಣಿ ದೀಪ ಹಿಡಿದುಕೊಂಡು ಜಗಲಿಗೆ ಬಂದು, “ಇವ ಎಂತ ತಪ್ಪು ಮಾಡಿದ್ದಾನೆ ಮಾರಾಯರೇ?” ಎಂದು ಕೇಳಿದರು. ಬಂದವರಲ್ಲಿ ಹಿರಿಯರಾಗಿದ್ದವರು ಸಜ್ಜನರೇ. ಅವರು ತಲೆ ತಗ್ಗಿಸಿ, “ಅದನ್ನು ಹೇಳಬೇಕೂಂತ ಕಾನೂನಿಲ್ಲ ಅಮ್ಮ,” ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಮೀಸಾ ಎಂದು ಹೆಸರಾಗಿದ್ದ 1971ರ ಆಂತರಿಕ ಭದ್ರತೆಯ ಕಾಯಿದೆಗೆ ಆ ವರ್ಷ ಮಾಡಿದ ತಿದ್ದುಪಡಿಯಂತೆ, ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸುವ ಅಗತ್ಯವೇ ಇರಲಿಲ್ಲ. ಕಾರಣ ಹೇಳಬೇಕಾಗಿಲ್ಲವೆಂಬುದೇ ಕಾನೂನು! ಅಜ್ಜಿಗೆ ಇದು ಕೊನೆಯ ತನಕ ಅರ್ಥವಾಗಲಿಲ್ಲ. ಮುಂದೆ ಪೌರನೀತಿಯ ಪಾಠ ಹೇಳುವ ಅಧ್ಯಾಪಕನಾದ ನನಗೂ ಅದು ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ನರಸಿಂಗರಾಯರು ನಮ್ಮ ಜಿಲ್ಲೆಯವರೇ. ಹುಟ್ಟಿದ್ದು 1887ನೆಯ ಫೆಬ್ರವರಿ 26ರಂದು, ಮಂಗಳೂರಿನ ಒಂದು ಸಾರಸ್ವತ ಕುಟುಂಬದಲ್ಲಿ. ತಂದೆ ವೈದ್ಯರು. ಒಬ್ಬ ತಮ್ಮ ರಾಮರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರಾದರು. ಇನ್ನೊಬ್ಬ ತಮ್ಮ ಶಿವರಾಯರು ಪತ್ರಕರ್ತರಾಗಿ, ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗರಾಯರು ಅಂದಿನ ಇಡೀ ಮದ್ರಾಸ್ ಪ್ರಾಂತ್ಯದ ವಿದ್ಯಾರ್ಥಿಗಳಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮದ್ರಾಸಿನ ಕಾಲೇಜು ಮುಗಿಸಿ, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋಗಿ ಗಣಿತವನ್ನು ಅಭ್ಯಾಸ ಮಾಡಿದರು. ಅದೇ ಕಾಲೇಜಿನಲ್ಲಿ ಅದೇ ಕಾಲಕ್ಕೆ ಜವಾಹರಲಾಲ ನೆಹರೂ ಎಂಬ ತರುಣನೂ ಓದುತ್ತಿದ್ದನೆಂಬುದನ್ನು ಇಲ್ಲಿ ಸ್ಮರಿಸಬಹುದು. ಒಬ್ಬರು ಸೆರೆಮನೆಯ ದಾರಿಯನ್ನು, ಇನ್ನೊಬ್ಬರು ಸಿವಿಲ್ ಸರ್ವಿಸಿನ ದಾರಿಯನ್ನು ಹಿಡಿದರು. ನಾಲ್ಕು ದಶಕಗಳ ಬಳಿಕ ಆ ಎರಡು ದಾರಿಗಳೂ ದಿಲ್ಲಿಯ ಸಂವಿಧಾನ ಸಭೆಯಲ್ಲಿ ಕೂಡಿದವು.

ಸಿವಿಲ್ ಸರ್ವಿಸನ್ನು ಸೇರಿದ ರಾಯರು ಬಂಗಾಳದಲ್ಲಿಯೂ ಅಸ್ಸಾಮಿನಲ್ಲಿಯೂ ಕೆಲಸ ಮಾಡಿದರು. ಕಾನೂನಿನ ಕರಡು ತಯಾರಿಸುವುದು ಬೇಸರದ ಉದ್ಯೋಗವೆಂದು ಅನೇಕರ ಎಣಿಕೆ. ರಾಯರಿಗೆ ಅದು ಗಣಿತದ ಇನ್ನೊಂದು ರೂಪವಾಗಿ ಕಂಡಿರಬೇಕು. 1935ರ ಭಾರತ ಸರಕಾರದ ಕಾಯಿದೆಗೆ ಹೊಂದಿಕೊಳ್ಳುವಂತೆ ದೇಶದ ಎಲ್ಲ ಕಾನೂನುಗಳನ್ನು ಪರಿಷ್ಕರಿಸುವ ಭಾರ ಅವರ ಪಾಲಿಗೆ ಬಂದಿತು. ಮುಂದೆ ಕಲಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಸಿಂಧೂ ನದಿಯ ನೀರಿನ ವಿಷಯದಲ್ಲಿ ಸಿಂಧ ಮತ್ತು ಪಂಜಾಬ ಪ್ರಾಂತ್ಯಗಳಿಗೆ ಜಗಳ ಹತ್ತಿದಾಗ ಅದನ್ನು ವಿಚಾರಿಸಿದ ಆಯೋಗಕ್ಕೆ ಅಧ್ಯಕ್ಷರಾದರು. 1941ರಲ್ಲಿ ನೇಮಕವಾದ ಹಿಂದೂ ಕಾನೂನಿನ ಸಮಿತಿಗೂ ಅವರೇ ಅಧ್ಯಕ್ಷರು. ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲು ಇರಬೇಕೆಂಬ ವಾದವು ಆ ಸಮಿತಿಯ ಮೂಲಕವೇ ಶಾಸನದ ಬಾಗಿಲಿಗೆ ಬಂದಿತು. ಅಳಿಯ ಸಂತಾನದ ನಾಡಿನಲ್ಲಿ ಹುಟ್ಟಿದವರಿಗೆ ಹೆಣ್ಣಿನ ಮೂಲಕ ಆಸ್ತಿ ಇಳಿದು ಬರುವುದು ಅಪೂರ್ವವಾಗಿ ತೋರಿರಲಾರದು. 1944ರಲ್ಲಿ ನಿವೃತ್ತರಾದ ಮೇಲೆ ಒಂದು ವರ್ಷದಷ್ಟು ಕಾಲ ಜಮ್ಮು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದು, ಆ ಪದವಿಯನ್ನು ಬಿಟ್ಟು ದಿಲ್ಲಿಗೆ ಮರಳಿದರು.

1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಇದು ಅವರ ಬಾಳಿನ ಮುಖ್ಯ ಘಟ್ಟ. ಈ ಕೆಲಸಕ್ಕೆ ಅವರು ಸಂಬಳ ಪಡೆಯಲಿಲ್ಲ. ಗೌರವ ಸೇವೆಯೆಂದೇ ಮಾಡಿದರು. ಸಭೆಯ ಸದಸ್ಯರಲ್ಲದ ಕಾರಣ ಅವರಿಗೆ ಅಲ್ಲಿ ಮಾತಿನ ಹಕ್ಕೂ ಇರಲಿಲ್ಲ, ಮತದ ಹಕ್ಕೂ ಇರಲಿಲ್ಲ. ಲೋಕದ ನಾನಾ ದೇಶಗಳ ಸಂವಿಧಾನಗಳಿಂದ ಬೇಕಾದ ಭಾಗಗಳನ್ನು ಆಯ್ದು, ಸದಸ್ಯರ ಕೈಗೆ ಕೊಟ್ಟು, ಇಂಥಲ್ಲಿ ಹೀಗಿದೆ, ಇದರಿಂದ ಒಳ್ಳೆಯದು ಇಷ್ಟಾಯಿತು, ಕೆಟ್ಟದ್ದು ಇಷ್ಟಾಯಿತು ಎಂದು ವಿವರಿಸುವುದು ಅವರ ಕೆಲಸ. ಸಭೆಯ ಸಮಿತಿಗಳ ನಿರ್ಣಯಗಳನ್ನೆಲ್ಲ ಒಟ್ಟುಗೂಡಿಸಿ 1947ರ ಅಕ್ಟೋಬರದಲ್ಲಿ ಅವರು ಮೊದಲ ಕರಡನ್ನು ಸಿದ್ಧಪಡಿಸಿದರು. ಅದರಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಡಾ. ಅಂಬೇಡಕರರ ಅಧ್ಯಕ್ಷತೆಯ ಕರಡು ಸಮಿತಿಯು ಇದನ್ನು ಮುಂದಿಟ್ಟುಕೊಂಡು, ತಿದ್ದಿ, ಬೆಳೆಯಿಸಿ, 315 ವಿಧಿಗಳ ಕರಡನ್ನು ಮಾಡಿತು. ಸಭೆಯ ಚರ್ಚೆಯೆಲ್ಲ ಮುಗಿದಾಗ ವಿಧಿಗಳು 395, ಅನುಸೂಚಿಗಳು 8 ಆಗಿದ್ದವು.

ಹೀಗೆಂದ ಮಾತ್ರಕ್ಕೆ, ಸಂವಿಧಾನದ ನಿಜವಾದ ಕರ್ತೃ ಯಾರು ಎಂದು ಜಗಳ ಹೂಡುವುದು ತರವಲ್ಲ. ಹಾಗೆ ಜಗಳ ಹೂಡುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರಿಗೆ ರಾಯರ ಮೇಲಿನ ಪ್ರೀತಿಗಿಂತ ಅಂಬೇಡಕರರ ಮೇಲಿನ ಅಸಹನೆಯೇ ಹೆಚ್ಚು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡಕರರೇ ಈ ವಿಷಯವನ್ನು ಇತ್ಯರ್ಥ ಮಾಡಿದ್ದಾರೆ. ತಮಗೆ ಸಲ್ಲಿಸುತ್ತಿರುವ ಕೀರ್ತಿ ಪೂರ್ತಿಯಾಗಿ ತಮ್ಮದಲ್ಲ, ಅದರ ಒಂದು ಪಾಲು ಮೊದಲ ಕರಡನ್ನು ತಯಾರಿಸಿದ ನರಸಿಂಗರಾಯರಿಗೆ ಸಲ್ಲಬೇಕು ಎಂದು ಅವರು ತುಂಬಿದ ಸಭೆಯಲ್ಲಿ ಹೇಳಿದರು. ಇಷ್ಟು ದೊಡ್ಡ ಮನಸ್ಸಿನವರು ತಾವೇ ಹಂಚಿಕೊಂಡ ಕೀರ್ತಿಯನ್ನು ನಾವು ತಕ್ಕಡಿಯಲ್ಲಿಟ್ಟು ತೂಗಬೇಕಾಗಿಲ್ಲ. ಕರಡು ಬರೆಯುವುದು ಒಂದು ಶ್ರಮ. ಅದರ ಒಂದೊಂದು ಸಾಲನ್ನೂ ಎದುರಾಳಿಗಳ ಮುಂದೆ ನಿಂತು ಸಮರ್ಥಿಸುವುದು ಇನ್ನೊಂದು ಶ್ರಮ.

ಇನ್ನು ನಮ್ಮ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಅದಕ್ಕಾಗಿ ಓದುಗರು ನನ್ನೊಡನೆ ಒಮ್ಮೆ ಅಮೆರಿಕಕ್ಕೆ ಬರಬೇಕು.

ಅಮೆರಿಕದ ಸಂವಿಧಾನವನ್ನು ರಚಿಸಲು 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಭೆ ಸೇರಿತು. ಅಲ್ಲಿಗೆ ಎಲ್ಲರಿಗಿಂತ ಹೆಚ್ಚು ಓದಿಕೊಂಡು ಬಂದವನು ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್. ಕಾನೂನು ಓದಿದ್ದರೂ ವಕೀಲಿ ವೃತ್ತಿಯನ್ನು ಹಿಡಿಯದೆ ಬಾಳೆಲ್ಲ ಸಾರ್ವಜನಿಕ ಕಾರ್ಯದಲ್ಲಿ ಕಳೆದವನು. ಪ್ರಾಚೀನ ಗ್ರೀಸಿನಿಂದ ಹಿಡಿದು ತನ್ನ ಕಾಲದವರೆಗಿನ ಒಕ್ಕೂಟಗಳು ಏಕೆ ಬಿದ್ದುಹೋದವೆಂದು ಟಿಪ್ಪಣಿ ಮಾಡಿಕೊಂಡು ಸಭೆಗೆ ಬಂದಿದ್ದನು. ನಮ್ಮ ರಾಯರಲ್ಲಿಯೂ ಇದೇ ಸ್ವಭಾವ. ಇಬ್ಬರ ಟಿಪ್ಪಣಿಗಳೂ ಅವರು ತೀರಿಕೊಂಡ ಮೇಲೆಯೇ ಗ್ರಂಥರೂಪ ಕಂಡವು: ಮ್ಯಾಡಿಸನ್ನನವು 1840ರಲ್ಲಿ, ರಾಯರವು ತಮ್ಮ ಶಿವರಾಯರ ಸಂಪಾದನೆಯಲ್ಲಿ 1960ರಲ್ಲಿ. ಆದರೆ ವ್ಯತ್ಯಾಸವನ್ನೂ ಹೇಳಬೇಕು. ಮ್ಯಾಡಿಸನ್ ಸಭೆಯಲ್ಲಿ ಮಾತಾಡಿದವನು, ಮತ ಹಾಕಿದವನು, ಮುಂದೆ ಅಧ್ಯಕ್ಷನಾದವನು. ಮತ್ತು ಸ್ವಾತಂತ್ರ್ಯದ ವಿಷಯವನ್ನು ಇಷ್ಟು ಬಲ್ಲವನಾಗಿಯೂ ಗುಲಾಮರ ಒಡೆಯನಾಗಿಯೇ ಉಳಿದವನು.

ಮೂಲಭೂತ ಹಕ್ಕುಗಳ ತಿದ್ದುಪಡಿಗಳನ್ನು 1789ರಲ್ಲಿ ಮಂಡಿಸಿದವನೂ ಮ್ಯಾಡಿಸನ್ನನೇ. 1791ರಲ್ಲಿ ಜಾರಿಗೆ ಬಂದ ಐದನೆಯ ತಿದ್ದುಪಡಿಯಲ್ಲಿ ಒಂದು ಮಾತಿದೆ: ಕಾನೂನಿನ ನ್ಯಾಯೋಚಿತ ಕ್ರಮವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಬಾರದು. ‘ಡ್ಯೂ ಪ್ರಾಸೆಸ್’ ಎಂದು ವಕೀಲರು ಹೇಳುವ ಈ ಕ್ರಮದಲ್ಲಿ ‘ನ್ಯಾಯೋಚಿತ’ವೆಂಬ ಅಂಶವೇ ಮುಖ್ಯ. ಕಾನೂನು ಇದ್ದರೆ ಸಾಲದು. ಅದು ನ್ಯಾಯವಾದುದೇ ಎಂದು ನ್ಯಾಯಾಲಯ ಕೇಳಬಹುದು.

ಮಾತು ಸೊಗಸಾಗಿದೆ. ಆದರೆ ಅದರ ಚರಿತ್ರೆ ಅಷ್ಟು ಸೊಗಸಲ್ಲ. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಗುಲಾಮನು ಒಡೆಯನ ಆಸ್ತಿ, ಆ ಆಸ್ತಿಯನ್ನು ಕಸಿಯುವುದು ಈ ರಕ್ಷಣೆಗೆ ವಿರುದ್ಧ ಎಂಬ ವಾದವನ್ನು ಎತ್ತಿ ಹಿಡಿಯಿತು. ಅಂತರ್ಯುದ್ಧದ ತರುವಾಯ, 1868ರ ಹದಿನಾಲ್ಕನೆಯ ತಿದ್ದುಪಡಿಯು ಅದೇ ಮಾತನ್ನು ರಾಜ್ಯಗಳ ಮೇಲೂ ಹೊರಿಸಿತು. 1905ರಲ್ಲಿ ನ್ಯೂಯಾರ್ಕಿನ ಒಂದು ಶಾಸನ ನ್ಯಾಯಾಲಯದ ಮುಂದೆ ಬಂದಿತು. ರೊಟ್ಟಿ ಸುಡುವ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಆ ಶಾಸನವನ್ನು ನ್ಯಾಯಾಧೀಶರು ಇದೇ ಮಾತಿನ ಬಲದಿಂದ ರದ್ದು ಮಾಡಿದರು. ದುರ್ಬಲರಿಗೆಂದು ಕಟ್ಟಿದ ಬೇಲಿಯೊಳಗೆ ಬಲವಂತರು ಹೊಕ್ಕು ಕುಳಿತ ಹಾಗಾಯಿತು.

1947ರ ಕೊನೆಯ ತಿಂಗಳುಗಳಲ್ಲಿ, ತಮ್ಮ ಕರಡನ್ನು ದಿಲ್ಲಿಯಲ್ಲಿ ಬಿಟ್ಟು, ರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಿಗೆ ಹೋದರು. ಆಯಾ ದೇಶದ ನ್ಯಾಯಾಧೀಶರನ್ನೂ ಆಡಳಿತಗಾರರನ್ನೂ ಕಂಡು, ನಿಮ್ಮ ಅನುಭವದಲ್ಲಿ ನಾವು ಕಲಿಯಬೇಕಾದುದೇನೆಂದು ಕೇಳುವುದು ಪ್ರವಾಸದ ಉದ್ದೇಶ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಆಗ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಂಬ ಪ್ರಸಿದ್ಧ ನ್ಯಾಯಾಧೀಶರಿದ್ದರು. ಅವರು ರಾಯರಿಗೆ ಕೊಟ್ಟ ಸಲಹೆ ಇಷ್ಟೇ: ಜನಪ್ರತಿನಿಧಿಗಳು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಲ್ಲ, ನ್ಯಾಯಾಲಯದ ಮೇಲೂ ಅದೊಂದು ಅಸಹ್ಯ ಭಾರ. ರೊಟ್ಟಿ ಸುಡುವವರ ಮೊಕದ್ದಮೆಯಂಥವನ್ನು ಕಂಡು ನೊಂದವರ ಮಾತು ಅದು.

ರಾಯರು ಹಿಂದಿರುಗಿ ಬಂದು ಇದನ್ನು ತಿಳಿಸಿದರು. ಅದಕ್ಕೆ ಮೊದಲೇ ಅವರಿಗೂ ಇದೇ ಅಳುಕಿತ್ತು. ಜಮೀನ್ದಾರಿಯನ್ನು ತೆಗೆಯಬೇಕು, ಗೇಣಿದಾರನಿಗೆ ನೆಲ ಕೊಡಬೇಕು ಎಂದು ಹೊರಟ ದೇಶದಲ್ಲಿ ಪ್ರತಿಯೊಂದು ಶಾಸನವೂ ನ್ಯಾಯಾಲಯದ ಹೊಸ್ತಿಲಲ್ಲಿ ಎಡವಿದರೆ ಗತಿಯೇನು? ಕರಡು ಸಮಿತಿಯು ಕೊನೆಗೆ ‘ನ್ಯಾಯೋಚಿತ ಕ್ರಮ’ವನ್ನು ತೆಗೆದು, 1946ರ ಜಪಾನಿನ ಸಂವಿಧಾನದ ಮಾದರಿಯಲ್ಲಿ ‘ಕಾನೂನು ಸ್ಥಾಪಿಸಿದ ಪ್ರಕ್ರಿಯೆ’ ಎಂಬ ಮಾತನ್ನು ಇರಿಸಿತು. ಇದೇ ನಮ್ಮ 21ನೆಯ ವಿಧಿ. ಸಭೆಯಲ್ಲಿ ಇದಕ್ಕೆ ವಿರೋಧ ಬಾರದೆ ಇರಲಿಲ್ಲ. ಕಾಜಿ ಸೈಯದ್ ಕರೀಮುದ್ದೀನರು ಹಳೆಯ ಮಾತನ್ನೇ ಉಳಿಸಬೇಕೆಂದು ತಿದ್ದುಪಡಿ ತಂದರು. ಕರಡು ಸಮಿತಿಯವರೇ ಆದ ಮುನ್ಷಿಯವರೂ ಅದರ ಪರವಾಗಿ ಮಾತಾಡಿದರು. 1948ರ ಡಿಸೆಂಬರದಲ್ಲಿ ಅಂಬೇಡಕರರು ಎರಡು ಪಕ್ಷಗಳ ಅಪಾಯಗಳನ್ನೂ ಎತ್ತಿ ತೋರಿಸಿ, ತೀರ್ಮಾನವನ್ನು ಸಭೆಗೆ ಬಿಟ್ಟರು. ತಿದ್ದುಪಡಿ ಬಿದ್ದುಹೋಯಿತು.

ಅದರ ಫಲವೇನೆಂಬುದು ಬೇಗನೆ ತಿಳಿಯಿತು. 1950ರ ಮೇ ತಿಂಗಳಲ್ಲಿ, ನಮ್ಮ ಜಿಲ್ಲೆಯ ದಕ್ಷಿಣಕ್ಕಿರುವ ಮಲಬಾರಿನ ನಾಯಕ ಎ. ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಸನಸಭೆ ಮಾಡಿದ ಕಾನೂನು ಒಂದಿದ್ದರೆ ಸಾಕು, ಅದು ನ್ಯಾಯವೇ ಎಂದು ತಾವು ಕೇಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. 1976ರ ಏಪ್ರಿಲ್ 28ರಂದು, ನನ್ನ ಮಾವ ಸೆರೆಯಲ್ಲಿದ್ದಾಗಲೇ, ಇನ್ನೂ ಕಠಿಣವಾದ ತೀರ್ಪು ಬಂದಿತು. ತುರ್ತು ಪರಿಸ್ಥಿತಿಯಲ್ಲಿ ಬಂಧಿತನು ನ್ಯಾಯಾಲಯದ ಬಾಗಿಲನ್ನು ತಟ್ಟುವಂತೆಯೇ ಇಲ್ಲವೆಂದು ಐವರಲ್ಲಿ ನಾಲ್ವರು ಹೇಳಿದರು. ಭಿನ್ನಮತವನ್ನು ಬರೆದವರು ಎಚ್. ಆರ್. ಖನ್ನಾ ಒಬ್ಬರೇ. “ಹೇಳಬೇಕೂಂತ ಕಾನೂನಿಲ್ಲ ಅಮ್ಮ” ಎಂದು ನಮ್ಮ ಅಂಗಳದಲ್ಲಿ ಕೇಳಿದ ಮಾತು ದಿಲ್ಲಿಯಲ್ಲಿ ದೊಡ್ಡ ದೊಡ್ಡ ಪದಗಳನ್ನು ಉಟ್ಟುಕೊಂಡು ಬಂದಿತ್ತು, ಅಷ್ಟೆ.

ಕಾಲೇಜಿನ ಗ್ರಂಥಾಲಯದಲ್ಲಿ ರಾಯರ ಗ್ರಂಥವನ್ನು ಮೊದಲ ಸಲ ಓದಿ ಈ ಸಂಗತಿಯನ್ನು ಗ್ರಹಿಸಿದಾಗ ನನಗೆ ಬಂದುದು ಸಿಟ್ಟು. ನಮ್ಮ ಮಂಗಳೂರಿನವರೇ ಒಬ್ಬರು, ಸಮುದ್ರದಾಚೆಯ ನ್ಯಾಯಾಧೀಶನ ಮಾತನ್ನು ಕೇಳಿಕೊಂಡು ಬಂದು, ನನ್ನ ಮಾವನ ಹದಿನಾಲ್ಕು ತಿಂಗಳಿಗೆ ದಾರಿ ಮಾಡಿಕೊಟ್ಟರಲ್ಲ! ಆ ಸಿಟ್ಟನ್ನು ಹೊತ್ತುಕೊಂಡೇ ಊರಿಗೆ ಬಂದು ಮಾವನಿಗೆ ಎಲ್ಲವನ್ನೂ ಹೇಳಿದೆ. ಅವರು ಅಡಕೆ ಸುಲಿಯುತ್ತಿದ್ದರು. ಎಲ್ಲವನ್ನೂ ಕೇಳಿ, “ಆ ಅಮೇರಿಕದವ ಹೆದರಿದ್ದು ಯಾಕೆ ಅಂತ ನೀನು ಸರಿಯಾಗಿ ಓದಿದ್ದೀಯಾ?” ಎಂದು ಕೇಳಿದರು. ರೊಟ್ಟಿ ಸುಡುವವರ ಕಥೆ ಹೇಳಿದೆ. ಮಾವ ಎದ್ದು ಹೋಗಿ ಪೆಟ್ಟಿಗೆ ತೆಗೆದು ಎರಡನೆಯ ಕಾಗದವನ್ನು ನನ್ನ ಮುಂದೆ ಇಟ್ಟರು.

ನಮ್ಮ ಮನೆಯವರು ಚಾಲಗೇಣಿಯ ಒಕ್ಕಲು. ಧಣಿಯ ಮನೆಗೆ ವರ್ಷ ವರ್ಷ ಅಕ್ಕಿಮುಡಿ ಹೊತ್ತು ಹಾಕಿ, ಮುಂದಿನ ವರ್ಷ ಗದ್ದೆ ಉಳಿದೀತೇ ಎಂದು ಮುಖ ನೋಡುತ್ತ ನಿಲ್ಲುವವರು. ದೇವರಾಜ ಅರಸರ ಸರಕಾರದ ಭೂಸುಧಾರಣೆಯ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಉಳುವವನು ತನ್ನ ಹಕ್ಕನ್ನು ಕೇಳಿಕೊಳ್ಳುವಂತಾಯಿತು. ನಮ್ಮ ಕಡೆಯವರು ‘ಡಿಕ್ಲರೇಶನ್ ಕೊಡುವುದು’ ಎಂದು ಹೇಳುವುದು ಇದಕ್ಕೇ. ಇದನ್ನು ತೀರ್ಮಾನಿಸುವುದಕ್ಕೆ ಭೂನ್ಯಾಯ ಮಂಡಳಿಗಳು ಬಂದವು. ಸಿವಿಲ್ ನ್ಯಾಯಾಲಯಗಳಿಗೆ ಅದರಲ್ಲಿ ಕೈಹಾಕುವ ಅಧಿಕಾರ ಇರಲಿಲ್ಲ; ಮಂಡಳಿಯ ಮುಂದೆ ವಕೀಲರು ನಿಲ್ಲುವುದನ್ನು ಸಹ ಆ ತಿದ್ದುಪಡಿ ತಡೆದಿತ್ತು.

“ನಾನು ಸೆರೆಗೆ ಹೋಗುವಾಗ ಡಿಕ್ಲರೇಶನ್ ಕೊಟ್ಟಾಗಿತ್ತು,” ಎಂದರು ಮಾವ. “ಬಂದ ಮೇಲೆ ಗದ್ದೆ ನಮ್ಮದಾಯಿತು. ಧಣಿಗಳಿಗೆ ಮದ್ರಾಸಿನಿಂದ ವಕೀಲರನ್ನು ಕರೆಸುವ ತಾಕತ್ತಿತ್ತು. ನನಗೆ ಕಾರ್ಕಳಕ್ಕೆ ಹೋಗುವ ಬಸ್ಸಿನ ದುಡ್ಡಿಗೂ ತತ್ವಾರ. ಆ ಕಾನೂನು ನ್ಯಾಯವೋ ಅನ್ಯಾಯವೋ ಅಂತ ಕೋರ್ಟಿನಲ್ಲಿ ಇಪ್ಪತ್ತು ವರ್ಷ ವಾದ ನಡೆದಿದ್ದರೆ?”

ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ, “ಹಾಗಂತ ನನ್ನನ್ನು ಹೊತ್ತುಕೊಂಡು ಹೋದದ್ದು ಸರಿ ಅಂತ ಅಲ್ಲ ಮಗಾ,” ಎಂದು ಸೇರಿಸಿದರು. “ಗದ್ದೆ ಬೇರೆ, ಮನುಷ್ಯ ಬೇರೆ. ಎರಡಕ್ಕೂ ಒಂದೇ ಅಳತೆ ಇಟ್ಟದ್ದೇ ತಪ್ಪು.”

ಸಂವಿಧಾನದ ಮೇಲೆ ನಾನು ಓದಿದ ಅನೇಕ ಪುಟಗಳ ಸಾರ ಈ ಮಾತಿನಲ್ಲಿದೆಯೆಂದು ಈಗ ನನಗೆ ತೋರುತ್ತದೆ. ಸಂವಿಧಾನ ಸಭೆಯವರೂ ಇದನ್ನು ಅರಿಯದವರಲ್ಲ. ಆಸ್ತಿಯನ್ನು ಅವರು 21ನೆಯ ವಿಧಿಯಿಂದ ಹೊರಗೇ ಇಟ್ಟಿದ್ದರು. ಆಸ್ತಿ ಹೊರಗೆ ಹೋದ ಮೇಲೆ, ಪ್ರಾಣ ಮತ್ತು ಸ್ವಾತಂತ್ರ್ಯಗಳಿಗೆ ‘ನ್ಯಾಯೋಚಿತ’ವೆಂಬ ರಕ್ಷಣೆಯನ್ನು ಉಳಿಸಿದ್ದರೆ ಯಾವ ಗೇಣಿದಾರನಿಗೂ ನಷ್ಟವಾಗುತ್ತಿರಲಿಲ್ಲ. ರಾಯರಂಥ ಸೂಕ್ಷ್ಮಮತಿಗಳಿಗೆ ಇದು ಹೊಳೆಯಲಿಲ್ಲವೇ? ದೇಶ ವಿಭಜನೆಯ ರಕ್ತಪಾತ ಕಣ್ಣೆದುರಿಗಿದ್ದ ದಿನಗಳವು. ವಿಚಾರಣೆಯಿಲ್ಲದ ಬಂಧನವೂ ಬೇಕಾದೀತೆಂದು ಆಳುವವರು ನಂಬಿದ್ದರು. ಆಳುವವರು ತಮ್ಮವರೇ ಆದಾಗ ಅವರ ಮೇಲಿನ ವಿಶ್ವಾಸವೂ ಹೆಚ್ಚು. ಜೀವಮಾನವೆಲ್ಲ ಪ್ರಾಮಾಣಿಕ ಅಧಿಕಾರಿಯಾಗಿದ್ದವರಿಗೆ ಅಧಿಕಾರವು ಪ್ರಾಮಾಣಿಕವಾಗಿಯೇ ನಡೆದೀತೆಂದು ತೋರಿದ್ದರೆ ಅದು ಸಹಜ. ಸಹಜವಾದ ತಪ್ಪೂ ತಪ್ಪೇ. ರಾಯರನ್ನು ಗೌರವಿಸುವ ನಾನು ಅದನ್ನು ಹೇಳದೆ ಬಿಡಲಾರೆ. ಸಭೆಯ ನಿರ್ಣಯದ ಹೊಣೆ ಮತ ಹಾಕಿದವರದು, ಸಲಹೆಗಾರರದಲ್ಲ ಎಂಬುದನ್ನೂ ಹೇಳಬೇಕು.

ರಾಯರು ಇದರ ಪರಿಣಾಮವನ್ನು ಕಾಣಲು ಬಹುಕಾಲ ಇರಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್ ತಿಂಗಳಲ್ಲಿ ಕೊರಿಯಾದ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ಅವರೇ. 1952ರಲ್ಲಿ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ತೀರಿಕೊಂಡರು.

ಅವರ ಕರಡಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1978ರ ಜನವರಿಯಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾನೂನಿನ ಪ್ರಕ್ರಿಯೆಯೆಂದರೆ ನ್ಯಾಯವಾದ, ಯುಕ್ತವಾದ ಪ್ರಕ್ರಿಯೆಯೇ ಆಗಿರಬೇಕು ಎಂದಿತು. ತೆಗೆದುಹಾಕಿದ ಮಾತು ಮೂವತ್ತು ವರ್ಷಗಳ ಮೇಲೆ ಹಿಂಬಾಗಿಲಿನಿಂದ ಮನೆಗೆ ಬಂದಿತು. ಅದೇ ವರ್ಷದ 44ನೆಯ ತಿದ್ದುಪಡಿಯು, ತುರ್ತು ಪರಿಸ್ಥಿತಿಯಲ್ಲಿಯೂ 21ನೆಯ ವಿಧಿಯ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯಲಾಗದಂತೆ ಮಾಡಿತು. 1976ರ ತೀರ್ಪನ್ನು ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಹೆಸರು ಹೇಳಿಯೇ ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು.

ಆ ತೀರ್ಪು ಬರುವ ವೇಳೆಗೆ ಮಾವ ಇರಲಿಲ್ಲ, ಅಜ್ಜಿಯಂತೂ ಎಂದೋ ಹೋಗಿದ್ದರು. ತರಗತಿಯಲ್ಲಿ ಹುಡುಗರಿಗೆ ಆ ಸುದ್ದಿಯನ್ನು ಓದಿ ಹೇಳಿದಾಗ ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು, “ಹಾಗಾದರೆ ಸಾರ್, ಇನ್ನು ಮೇಲೆ ಪೊಲೀಸರು ಬಂದರೆ ಯಾಕೆ ಅಂತ ಕೇಳಬಹುದಾ?” ಎಂದನು. ಕೇಳಬಹುದು ಎಂದೆ. “ಅವರು ಹೇಳದಿದ್ದರೆ?” ಎಂದನು. ಹೇಳುವ ತನಕ ಕೇಳಬೇಕು ಎಂದೆ. ಆ ದಿನ ಮನೆಗೆ ಬಂದು ಅಟ್ಟ ಹತ್ತಿ, ಪೆಟ್ಟಿಗೆಯ ಕಾಗದಗಳಿಗೆ ಗೆದ್ದಲು ಹಿಡಿದಿಲ್ಲವಷ್ಟೆ ಎಂದು ನೋಡಿ, ಎರಡನ್ನೂ ಮೊದಲಿನ ಹಾಗೆಯೇ ಒಂದರ ಮೇಲೊಂದು ಇರಿಸಿ ಮುಚ್ಚಿದೆ.